ಕಾಲುವೆಯಲ್ಲಿ ಭಾವಿ ಅಳಿಯನ ತನಿಖೆ

ನಾನು ಅನುಮಾನದ ಮನುಷ್ಯ ಅಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ, ಏಕೆಂದರೆ ನನ್ನ ಹೆಂಡತಿ ವಸುಧಾ, ಚಿಕಾಗೋ ಪಕ್ಕದ ನಮ್ಮ ವುಡ್‌ರಿಡ್ಜ್ ಊರು ತುಂಬ ಬೇರೆ ರೀತಿ ಹೇಳಿಕೊಂಡು ತಿರುಗುತ್ತಾಳೆ. ನಾನು ಎಚ್ಚರಿಕೆಯ ಮನುಷ್ಯ, ಅಷ್ಟೆ. ಹೈವೇ ಹತ್ತಿದ ಮೇಲೂ ಗರಾಜ್ ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ಮುಂದಿನ ಎಕ್ಸಿಟ್ ತೆಗೆದುಕೊಂಡು ವಾಪಸ್ ಬಂದು ನೋಡುವವನು ನಮ್ಮ ಬಡಾವಣೆಯಲ್ಲಿ ನಾನೊಬ್ಬನೇ ಇರಬಹುದು. ಬಾಗಿಲು ಪ್ರತಿ ಸಲವೂ ಮುಚ್ಚಿಯೇ ಇತ್ತು ಎಂಬುದೂ ನಿಜ. ಆದರೆ ಯಾವತ್ತೋ ಒಂದು ದಿನ ತೆರೆದಿದ್ದರೆ?

ಓಕ್ ಬ್ರೂಕ್‌ನ ಆಫೀಸಿನಲ್ಲಿ ನನ್ನ ಕೆಲಸವೂ ಇದೇ. ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು. ಹುಡುಕಿದರೆ ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ ಸರಿಯಾಗಿ ಹುಡುಕಿಲ್ಲ ಎಂದರ್ಥ.

ಇಂಥ ನನ್ನ ಒಬ್ಬಳೇ ಮಗಳು ನಿಧಿ ಒಂದು ಭಾನುವಾರ ಬೆಳಿಗ್ಗೆ ದೋಸೆಯ ತುದಿ ಮುರಿಯುತ್ತಾ, ತನಗೊಬ್ಬ ಹುಡುಗ ಇಷ್ಟವಾಗಿದ್ದಾನೆ ಎಂದಳು. ಹೆಸರು ಅಭಯ. ಹಾಫ್‌ಮನ್ ಎಸ್ಟೇಟ್ಸ್ ಊರಿನಲ್ಲಿ ಯಾರದೋ ಗೃಹಪ್ರವೇಶದಲ್ಲಿ ಪರಿಚಯ. ಡೆಟ್ರಾಯ್ಟ್ ಪಕ್ಕದ ನೋವೈ ಊರಿನವನು, ಕಾರುಗಳಿಗೆ ಬ್ರೇಕ್ ವಿನ್ಯಾಸ ಮಾಡುವ ಎಂಜಿನಿಯರ್. ಅಪ್ಪ ಶಂಕರಗೌಡರು, ಗದಗಿನ ಕಡೆಯ ಡಾಕ್ಟರು. ಅಮ್ಮ ಗಿರಿಜಾ. ಕುಡಿಯುವುದಿಲ್ಲ, ಸೇದುವುದಿಲ್ಲ, ಕನ್ನಡ ಮಾತಾಡುತ್ತಾನೆ, ದಿನಾ ಅಮ್ಮನಿಗೆ ಫೋನ್ ಮಾಡುತ್ತಾನೆ.

ನನ್ನ ಕೈಯಲ್ಲಿದ್ದ ಕಾಫಿ ಅಲ್ಲೇ ನಿಂತಿತು. ಇಷ್ಟು ಒಳ್ಳೆಯ ಹುಡುಗ ನಮ್ಮ ಮನೆಯ ಬಾಗಿಲಿಗೆ ತಾನಾಗಿ ಬರುತ್ತಾನೆಂದರೆ ಎಲ್ಲೋ ಏನೋ ಎಡವಟ್ಟಿದೆ.

ಸರಿ, ನೋಡೋಣ ಎಂದೆ. ನೋಡುವುದು ಎಲ್ಲಿ ಎಂಬುದೇ ದೊಡ್ಡ ರಗಳೆಯಾಯಿತು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬರುವುದು ಪದ್ಧತಿ ಎಂದು ನಾನು ಹೇಳಿ ಕಳಿಸಿದೆ. ಗೌಡರು, ಅದೆಲ್ಲ ಹತ್ತು ಮೈಲಿ ದೂರದ ಊರುಗಳಿಗೆ ಮಾಡಿದ ಪದ್ಧತಿ, ನಡುವೆ ಇಂಡಿಯಾನಾ ರಾಜ್ಯವೇ ಇರುವಾಗ ನಡೆಯುವುದಿಲ್ಲ, ನೀವೇ ಬನ್ನಿ ಎಂದು ಹೇಳಿ ಕಳಿಸಿದರು. ಹಾಗಾದರೆ ಸರಿಯಾಗಿ ಅರ್ಧದಾರಿಯಲ್ಲಿ ಸೇರೋಣ ಎಂದು ನಾನು ಮ್ಯಾಪ್ ಹಾಕಿ ಅಳೆದೆ. ಅರ್ಧದಾರಿ ಬಂದದ್ದು ಮಿಷಿಗನ್‌ನ ಒಂದು ಗ್ಯಾಸ್ ಸ್ಟೇಷನ್‌ಗೆ. ಗೌಡರೂ ಅಳೆದರಂತೆ. ಅವರ ಅರ್ಧದಾರಿ ನನ್ನ ಅರ್ಧದಾರಿಗಿಂತ ಒಂದು ಎಕ್ಸಿಟ್ ಅವರ ಕಡೆಗಿತ್ತು. ಅಲ್ಲಿಂದಲೇ ನನಗೆ ಆ ಮನುಷ್ಯನ ಮೇಲೆ ಒಂದು ಕಣ್ಣು.

ಎರಡು ತಿಂಗಳು ಈ ಎಕ್ಸಿಟ್ ವ್ಯಾಜ್ಯ ನಡೆದ ಮೇಲೆ ಮಕ್ಕಳಿಬ್ಬರೂ ಬೇಸತ್ತು ತಾವೇ ತೀರ್ಮಾನ ಮಾಡಿದರು. ಯಾರ ಊರೂ ಬೇಡ. ಹೇಗೂ ಇಬ್ಬರಿಗೂ ವೆಕೇಷನ್ ಇದೆ, ಫ್ರಾನ್ಸ್‌ನ ಬರ್ಗಂಡಿ ಕಡೆ ಒಂದು ಕಾಲುವೆಯಲ್ಲಿ ಬೋಟ್ ಬಾಡಿಗೆಗೆ ತೆಗೆದುಕೊಂಡು ವಾರವಿಡೀ ಎರಡೂ ಮನೆಯವರು ಅದರಲ್ಲೇ ಇರೋಣ ಎಂದು. ಗೌಡರೂ ಒಪ್ಪಿದರು, ನಾನೂ ಒಪ್ಪಿದೆ. ಫ್ರಾನ್ಸ್ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ದೂರ ಎಂದು ಇಬ್ಬರೂ ಪ್ರತ್ಯೇಕವಾಗಿ ಮ್ಯಾಪ್ ನೋಡಿಯೇ ಒಪ್ಪಿದ್ದು.

ಹೊರಡುವ ಮುನ್ನ ನಿಧಿ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದಳು.

"ಅಪ್ಪಾ, ಮೊದಲನೇ ದಿನ ಪೂರ್ತಿ ಅವನ ಜೊತೆ ಇರಿ. ಏನು ಬೇಕಾದ್ರೂ ಕೇಳಿ, ಹೇಗೆ ಬೇಕಾದ್ರೂ ಟೆಸ್ಟ್ ಮಾಡಿ. ಸಾಯಂಕಾಲ ಎಸ್ ಅಥವಾ ನೋ ಹೇಳಿ. ನೋ ಅಂದ್ರೆ ಒಂದು ರಿಯಲ್ ರೀಸನ್ ಕೊಡಿ. 'ನನಗ್ಯಾಕೋ ಸರಿ ಕಾಣ್ತಿಲ್ಲ' ಅನ್ನೋದು ರೀಸನ್ ಅಲ್ಲ."

"ನಾನು ನೋ ಅಂದ್ರೆ?"

"ನೀವು ಎಸ್ ಅನ್ನದೆ ನಾನು ಮಾಡ್ಕೊಳ್ಳಲ್ಲ. ಅದು ನಿಮಗೂ ಗೊತ್ತು. ಅದಕ್ಕೇ ಸರಿಯಾಗಿ ನೋಡಿ ಅಂತಿರೋದು."

ಇಷ್ಟು ದೊಡ್ಡ ಜವಾಬ್ದಾರಿಯನ್ನು ನನ್ನ ಆಫೀಸೂ ನನಗೆ ಕೊಟ್ಟಿರಲಿಲ್ಲ. ಒಂದೇ ದಿನ. ಒಬ್ಬ ಹುಡುಗ. ಒಂದು ದೋಷ. ಆಗದ ಕೆಲಸವೇನಲ್ಲ ಎಂದುಕೊಂಡು ಸೂಟ್‌ಕೇಸುಗಳಿಗೆ ನೈಲಾನ್ ಹಗ್ಗ ಬಿಗಿದೆ. ನಮ್ಮ ಮನೆಯ ಸೂಟ್‌ಕೇಸುಗಳಿಗೆ ಹಗ್ಗ ಕಟ್ಟುವುದು ನಾನೇ. ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಎರಡು ಸುತ್ತು, ನಡುವೆ ನಮ್ಮ ತಂದೆ ರೈಲಿನಲ್ಲಿ ಒಯ್ಯುವ ಹಾಸಿಗೆ ಸುರುಳಿಗೆ, ಅಂದರೆ ಹೋಲ್ಡಾಲ್‌ಗೆ, ಹಾಕುತ್ತಿದ್ದ ಗಂಟು. ಆ ಗಂಟನ್ನು ಎಷ್ಟು ಎಳೆದರೆ ಅಷ್ಟು ಬಿಗಿಯಾಗುತ್ತದೆ. ಓಹೇರ್ ಏರ್‌ಪೋರ್ಟಿನ ಬೆಲ್ಟ್ ಮೇಲೆ ಕಟ್ಟು ಹಾಕಿಸಿಕೊಂಡ ರೋಗಿಯ ಹಾಗೆ ಬರುವ ಸೂಟ್‌ಕೇಸ್ ನಮ್ಮದೇ. ನಿಧಿ ಆಗ ದೂರ ಹೋಗಿ ನಿಲ್ಲುತ್ತಾಳೆ.

ಬೋಟ್ ಕಂಪನಿಯ ಅಂಗಳದಲ್ಲಿ ಗೌಡರ ಕುಟುಂಬ ನಮಗಿಂತ ಮೊದಲೇ ಬಂದು ನಿಂತಿತ್ತು. ಗೌಡರು ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ರೋಗಿ ನಿಜವಾಗಿ ನಿದ್ದೆ ಹೋಗಿದ್ದಾನೋ, ನಟಿಸುತ್ತಿದ್ದಾನೋ ಎಂದು ಮೂವತ್ತು ವರ್ಷದಿಂದ ಅನುಮಾನಪಟ್ಟು ಅನುಮಾನಪಟ್ಟು ಅವರ ಹುಬ್ಬುಗಳು ಮೇಲೇ ನಿಂತುಬಿಟ್ಟಿವೆ. ನನ್ನನ್ನೂ ಅದೇ ಹುಬ್ಬಿನಲ್ಲಿ ನೋಡಿದರು. ಗಿರಿಜಾ ಮಾತ್ರ ಕೈ ಮುಗಿದು, "ಬರ್ರಿ ಅಣ್ಣಾರ, ಅರಾಮ್ ಅದೀರಿ?" ಎಂದು ಬಾಯಿ ತುಂಬ ಕೇಳಿದರು. ಹುಡುಗ ನಮ್ಮ ಸೂಟ್‌ಕೇಸ್ ಎತ್ತಿಕೊಂಡ. ಹಗ್ಗ ನೋಡಿ ನಗಲಿಲ್ಲ. ಯಾಕೆ ನಗಲಿಲ್ಲ ಎಂದು ಯೋಚಿಸತೊಡಗಿದೆ.

ಬೋಟ್ ಎಂದರೆ ಸಣ್ಣ ದೋಣಿಯಲ್ಲ. ಕೆಳಗೆ ಅಡುಗೆಮನೆ, ಮೂರು ಮಲಗುವ ಕೋಣೆ, ಮೇಲೆ ಸ್ಟೀರಿಂಗ್ ಇದ್ದ ಒಂದು ಇಡೀ ಮನೆ. ಇದನ್ನು ಓಡಿಸಲು ಲೈಸೆನ್ಸ್ ಬೇಡ ಎಂದ, ಕಂಪನಿಯ ಗಡ್ಡದ ಮನುಷ್ಯ. ಇಲಿನಾಯ್‌ನಲ್ಲಿ ಗಾಳ ಹಾಕಿ ಒಂದು ಮೀನು ಹಿಡಿಯಬೇಕಾದರೂ ಲೈಸೆನ್ಸ್ ಬೇಕು. ಇಲ್ಲಿ ಮುಖ ನೋಡಿ ಮನೆಯಂಥ ಬೋಟ್ ಕೊಡುತ್ತಾರಂತೆ! ಇದರಲ್ಲಿ ಏನೋ ಮಸಲತ್ತಿದೆ ಎಂದು ನನಗೆ ತಕ್ಷಣ ಹೊಳೆಯಿತು. ವಾಪಸ್ ಕೊಡುವಾಗ ಹಳೆಯ ಗೀರುಗಳನ್ನೆಲ್ಲ ನಮ್ಮ ತಲೆಗೆ ಕಟ್ಟುವ ಉಪಾಯ. ಗಡ್ಡದವನು ಎಲ್ಲರನ್ನೂ ನಿಲ್ಲಿಸಿಕೊಂಡು ಬೋಟ್ ಓಡಿಸುವುದು ಹೇಗೆ, ಹಗ್ಗ ಹಿಡಿಯುವುದು ಹೇಗೆ ಎಂದು ಪಾಠ ಶುರು ಮಾಡಿದಾಗ ನಾನು ಮೆಲ್ಲಗೆ ಜಾರಿಕೊಂಡು, ಫೋನ್ ತೆಗೆದು, ಬೋಟಿನ ಎಡಭಾಗದ ಒಂದೊಂದು ಗೀರನ್ನೂ ವಿಡಿಯೊ ಮಾಡುತ್ತಾ ಹಿಂದಕ್ಕೆ ಹೋದೆ.

ಹಿಂಭಾಗದ ಮೂಲೆ ತಿರುಗಿದರೆ ಎದುರಿಗೆ ಇನ್ನೊಂದು ಫೋನ್. ಗೌಡರು ಬಲಭಾಗದ ಗೀರುಗಳನ್ನು ಮುಗಿಸಿಕೊಂಡು ಬಂದಿದ್ದರು. ಒಂದು ಗಳಿಗೆ ನಮ್ಮ ಫೋನುಗಳು ಒಂದನ್ನೊಂದು ವಿಡಿಯೊ ಮಾಡಿಕೊಂಡವು.

"ಗೀರು ನೋಡಾಕತ್ತೀರೇನ್ರಿ?" ಎಂದರು.

"ಹೌದು. ತಾವು?"

"ನಾನೂ ಅದನ್ನ ಮಾಡಾಕತ್ತೀನ್ರಿ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ತಬ್ಬಿಕೊಳ್ಳುತ್ತಿದ್ದರು. ನಾನು ಮಾತ್ರ, ಈ ಮನುಷ್ಯ ಬರೀ ಬಲಭಾಗವನ್ನೇ ಯಾಕೆ ಹಿಡಿದ, ನಾಳೆ ಎಡಗಡೆಯ ಗೀರೆಲ್ಲ ನಮ್ಮ ತಲೆಗೆ ಕಟ್ಟುತ್ತಾನೋ ಏನೋ ಎಂದುಕೊಂಡೆ. ಅಷ್ಟರಲ್ಲಿ ಪಾಠ ಮುಗಿದಿತ್ತು. ಮಕ್ಕಳಿಬ್ಬರೂ ಹೆಂಗಸರಿಬ್ಬರೂ ತಲೆಯಾಡಿಸುತ್ತಿದ್ದರು. ನಾನೂ ತಲೆಯಾಡಿಸಿದೆ.

ಬೋಟ್ ಹೊರಟಿತು. ಹೊರಟಿತು ಎನ್ನುವುದೂ ಉತ್ಪ್ರೇಕ್ಷೆಯೇ. ಐ-355 ಹೈವೇಯಲ್ಲಿ ನನ್ನ ನಿಧಾನಕ್ಕೆ ಎಲ್ಲರೂ ಹಾರನ್ ಹೊಡೆಯುತ್ತಾರೆ. ಇಲ್ಲಿ ದಡದ ಮೇಲೆ ನಾಯಿ ಹಿಡಿದುಕೊಂಡು ನಡೆಯುತ್ತಿದ್ದ ಅಜ್ಜಿಯೊಬ್ಬಳು ನಮ್ಮನ್ನು ಹಿಂದೆ ಹಾಕಿ ಹೋದಳು. ಎರಡೂ ಬದಿ ಸಾಲುಮರ, ಹಸಿರು ನೀರು, ದೂರದಲ್ಲಿ ದನ. ಎಲ್ಲವೂ ಇಷ್ಟು ಶಾಂತವಾಗಿರುವುದು ನನಗೆ ಹಿಡಿಸಲಿಲ್ಲ.

ಮೊದಲನೇ ಲಾಕ್ ಬಂತು. ಕಾಲುವೆ ಎತ್ತರದಿಂದ ತಗ್ಗಿಗೆ ಇಳಿಯುವ ಕಡೆಗಳಲ್ಲಿ ಎರಡು ತುದಿಗೂ ದೊಡ್ಡ ಬಾಗಿಲಿರುವ ಕಲ್ಲಿನ ತೊಟ್ಟಿ ಕಟ್ಟಿರುತ್ತಾರೆ, ಅದೇ ಲಾಕ್. ಬೋಟ್ ತುಂಬಿದ ತೊಟ್ಟಿಯೊಳಗೆ ಹೋಗುತ್ತದೆ. ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲಿನ ಕಿಂಡಿ ತೆಗೆದು ನೀರು ಬಿಡುತ್ತಾರೆ. ನೀರಿನ ಜೊತೆಗೆ ಬೋಟೂ ಇಳಿಯುತ್ತದೆ. ಆಮೇಲೆ ಮುಂದಿನ ಬಾಗಿಲು ತೆರೆಯುತ್ತಾರೆ, ನಾವು ಹೊರಗೆ. ಇಳಿಯುವಾಗ ಬೋಟ್ ಅತ್ತಿತ್ತ ಹೊಯ್ದಾಡಬಾರದೆಂದು ಮುಂದೊಂದು ಹಿಂದೊಂದು ಹಗ್ಗವನ್ನು ದಡದ ಕಬ್ಬಿಣದ ಗೂಟಕ್ಕೆ ಸುತ್ತಿ, ತುದಿಯನ್ನು ಬೋಟಿನ ಮೇಲಿಂದ ಕೈಯಲ್ಲಿ ಹಿಡಿದುಕೊಳ್ಳಬೇಕು.

ಮುಂದಿನ ಹಗ್ಗ ನಿಧಿ ಹಿಡಿದಳು, ಹಿಂದಿನದು ಅಭಯ. ನಾನು ಅಭಯನ ಪಕ್ಕದಲ್ಲೇ ನಿಂತೆ, ತನಿಖೆಗೆಂದು. ನೀರು ಇಳಿಯತೊಡಗಿದ ಹಾಗೆ ಈ ಹುಡುಗ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡತೊಡಗಿದ.

"ಗಟ್ಟಿ ಹಿಡ್ಕೋಪ್ಪಾ" ಎಂದೆ.

"ಅಂಕಲ್, ಇದನ್ನ ಗಟ್ಟಿ ಹಿಡೀಬಾರ್ದು. ಬಿಡ್ತಾ ಹೋಗ್ಬೇಕು" ಎಂದ, ನಗುತ್ತಾ.

ಬ್ರೇಕ್ ಎಂಜಿನಿಯರ್ ಬಾಯಲ್ಲಿ ಇದೆಂಥ ಮಾತು! ಕೈಗೆ ಕೊಟ್ಟದ್ದನ್ನು ಬಿಡುತ್ತಾ ಹೋಗುವ ಹುಡುಗ. ಇವತ್ತು ಹಗ್ಗ, ನಾಳೆ ನನ್ನ ಮಗಳ ಕೈ. ಮೊದಲನೇ ಸಾಕ್ಷ್ಯ ಸಿಕ್ಕಿತು ಎಂದು ಒಳಗೊಳಗೇ ಹಿಗ್ಗಿದೆ. ವಸುಧಾ ಬಳಿ ಹೋಗಿ ವರದಿ ಒಪ್ಪಿಸಿದರೆ, "ಆ ಗಡ್ಡದವನು ಹೇಳ್ಕೊಟ್ಟಿದ್ದೇ ಹಾಗಲ್ವಾ?" ಎಂದು ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದಳು. ಗಡ್ಡದವನೂ ಇದರಲ್ಲಿ ಶಾಮೀಲು ಎಂದಾಯಿತು.

ಎರಡನೇ ಲಾಕ್ ತಲುಪಿದಾಗ ಬಾಗಿಲು ಮುಚ್ಚಿತ್ತು. ಅದನ್ನು ನೋಡಿಕೊಳ್ಳುವ ಹೆಂಗಸು ಪಕ್ಕದ ತನ್ನ ಮನೆಯ ಮುಂದೆ ಮೇಜು ಹಾಕಿಕೊಂಡು ಬ್ರೆಡ್ ಮುರಿಯುತ್ತಾ ಕುಳಿತಿದ್ದಳು. ನಮ್ಮನ್ನು ನೋಡಿ ಕೈ ಬೀಸಿದಳು, ಏಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲಾಕ್ ತೆರೆಯುವುದಿಲ್ಲ, ಬೋರ್ಡ್ ಹಾಕಿದ್ದಾರೆ ನೋಡಿ ಎಂದು ನಿಧಿ ತೋರಿಸಿದಳು. ಬೋರ್ಡ್ ಯಾರು ಬೇಕಾದರೂ ಹಾಕಬಹುದು. ಎದುರಿಗೆ ಗಿರಾಕಿ ನಿಂತಿರುವಾಗ ಬಾಗಿಲು ಮುಚ್ಚಿಕೊಂಡು ಕೂರುವುದರ ಅರ್ಥ ಏನೆಂದು ನಮ್ಮ ದೇಶದ ಯಾವುದೇ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವನಿಗೂ ಗೊತ್ತು. ಪಕ್ಕಕ್ಕೆ ತಿರುಗಿದರೆ ಗೌಡರ ಹುಬ್ಬು ಇನ್ನೂ ಮೇಲೆ ಹೋಗಿತ್ತು.

"ಏನರ ಕೊಟ್ರ ತಗೀತಾಳೇನ್ರಿ?" ಎಂದು ಪಿಸುಗುಟ್ಟಿದರು.

ಎರಡು ತಿಂಗಳಲ್ಲಿ ಮೊದಲ ಬಾರಿಗೆ ನಮ್ಮಿಬ್ಬರಲ್ಲಿ ಒಮ್ಮತ ಮೂಡಿದ ಐತಿಹಾಸಿಕ ಕ್ಷಣ ಅದು. ಅವರು ಚೀಲದಿಂದ ಕರದಂಟಿನ ಡಬ್ಬಿ ತೆಗೆದರು. ನಾನು ಮೈಸೂರುಪಾಕಿನ ಡಬ್ಬಿ ತೆಗೆದೆ. ಇಬ್ಬರೂ ಬೋಟಿನಿಂದ ಇಳಿದು, ಅಕ್ಕಪಕ್ಕ ನೋಡಿ, ಮೇಜಿನ ಮೇಲೆ ಡಬ್ಬಿಗಳನ್ನಿಟ್ಟು, ಬಾಗಿಲಿನ ಕಡೆಗೆ ಅರ್ಥಗರ್ಭಿತವಾಗಿ ನೋಡಿದೆವು. ಆಕೆಗೆ ಬಹಳ ಸಂತೋಷವಾಯಿತು. ಎರಡೂ ಡಬ್ಬಿಯಿಂದ ಒಂದೊಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಒಳಗೆ ಹೋಗಿ, ಮನೆಯಲ್ಲೇ ಮಾಡಿದ ಚೆರ್ರಿ ಜಾಮಿನ ಎರಡು ಬಾಟಲಿ ತಂದು ನಮ್ಮ ಕೈಗಿಟ್ಟಳು. ಆಮೇಲೆ ಕುಳಿತು ಊಟ ಮುಂದುವರಿಸಿದಳು.

ಲಂಚ ತಿಂದು ಕೆಲಸ ಮಾಡದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಲಂಚಕ್ಕೆ ಬದಲು ಉಡುಗೊರೆ ಕೊಟ್ಟು ಕೆಲಸ ಮಾಡದವರನ್ನು ನೋಡಿದ್ದು ಅದೇ ಮೊದಲು. ಜಾಮ್ ಬಾಟಲಿ ಹಿಡಿದು ಇಬ್ಬರೂ ವಾಪಸ್ ಬಂದಾಗ ನಿಧಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಕಾಯುವ ಹೊತ್ತನ್ನು ವ್ಯರ್ಥ ಮಾಡಬಾರದೆಂದು ಅಭಯನನ್ನು ಕೂರಿಸಿಕೊಂಡು ವಿಚಾರಣೆ ನಡೆಸಿದೆ. ಕೋಪ ಬರುತ್ತದೆಯೇ ಎಂದು ಕೇಳಿದೆ, ಹಸಿವಾದರೆ ಬರುತ್ತದೆ ಎಂದ. ಅಡುಗೆ ಬರುತ್ತದೆಯೇ ಎಂದು ಕೇಳಿದೆ, ಕಲಿಯುತ್ತಿದ್ದೇನೆ ಎಂದ. ನಿಧಿಯಲ್ಲಿ ನಿನಗೆ ಇಷ್ಟವಾಗದ್ದು ಏನು ಎಂದು ಕೇಳಿದೆ. ಇದು ಪಕ್ಕಾ ಬಲೆ. ಅವನು ಯೋಚಿಸಿ, "ಎಲ್ಲದನ್ನೂ ಎರಡೆರಡು ಸಲ ಚೆಕ್ ಮಾಡ್ತಾಳೆ ಅಂಕಲ್, ಯಾರಿಂದ ಕಲಿತಳೋ ಗೊತ್ತಿಲ್ಲ" ಎಂದ. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ. ನಾನು ಪ್ರಶ್ನೋತ್ತರವನ್ನು ಅಲ್ಲಿಗೇ ಮೊಟಕುಗೊಳಿಸಿದೆ. ಆ ಕಡೆ ಗೌಡರು ನಿಧಿಯನ್ನು ಕೂರಿಸಿಕೊಂಡು, ನಿದ್ದೆ ಸರಿಯಾಗಿ ಬರುತ್ತದೆಯೇ, ಎಷ್ಟು ಗಂಟೆಗೆ ಬರುತ್ತದೆ ಎಂದೆಲ್ಲ ಕೇಳುತ್ತಿದ್ದರು. ನನ್ನ ಮಗಳನ್ನು ಹೀಗೆ ಪ್ರಶ್ನಿಸಲು ಇವರು ಯಾರು ಎಂದು ನನಗೆ ಸಿಟ್ಟು ಬಂತು.

ಹೆಂಗಸಿನ ಊಟ ಮುಗಿಯಿತು. ಕೈ ಒರೆಸಿಕೊಂಡು ಬಂದು ಹಿಡಿಕೆ ತಿರುಗಿಸಿ ಬಾಗಿಲು ತೆಗೆದಳು, ಬೋಟ್ ತುಂಬಿದ ತೊಟ್ಟಿಯೊಳಗೆ ಹೋಗಿ ನಿಂತಿತು. ಕೆಳಗೆ ಅಡುಗೆಮನೆಯಲ್ಲಿ ಗಿರಿಜಾ ಜೋಳದ ರೊಟ್ಟಿ ಜೋಡಿಸುತ್ತಿದ್ದರು, ವಸುಧಾ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಈ ಲಾಕ್ ದಾಟಿದ ಕೂಡಲೇ ಊಟ ಎಂದಾಗಿತ್ತು.

ಆಗ ನನಗೊಂದು ಯೋಚನೆ ಬಂತು. ಲಂಚ ಜೀರ್ಣಿಸಿಕೊಂಡ ಹೆಂಗಸು ಮೇಲೆ, ಹಗ್ಗ ಬಿಡುವ ಹುಡುಗ ಹಿಂದೆ. ಕೆಳಗೆ ನನ್ನ ಹೆಂಡತಿ. ಇಂಥ ಪರಿಸ್ಥಿತಿಯಲ್ಲಿ ಕನಿಷ್ಠ ಒಂದು ಹಗ್ಗವಾದರೂ ಜವಾಬ್ದಾರಿಯುತ ಕೈಯಲ್ಲಿರಬೇಡವೇ? ಮುಂದಿನ ಹಗ್ಗ ನಾನು ಹಿಡಿಯುತ್ತೇನೆ, ನೀನು ದಡ ಹತ್ತಿ ಫೋಟೊ ತೆಗಿ ಎಂದೆ ನಿಧಿಗೆ. ಅವಳು ನನ್ನ ಮುಖವನ್ನೇ ನೋಡಿದಳು.

"ಜಸ್ಟ್ ಹೋಲ್ಡ್ ಇಟ್, ಅಪ್ಪಾ. ಡೋಂಟ್ ಟೈ ಇಟ್. ಪ್ರಾಮಿಸ್?"

"ಪ್ರಾಮಿಸ್" ಎಂದೆ.

ಅವಳು ಬೆನ್ನು ತಿರುಗಿಸಿದ್ದೇ ತಡ, ಹಗ್ಗದ ತುದಿಯನ್ನು ಬೋಟಿನ ಕಬ್ಬಿಣದ ಕೊಕ್ಕೆಗೆ ಎರಡು ಸುತ್ತು ಸುತ್ತಿ, ಹೋಲ್ಡಾಲ್ ಗಂಟು ಹಾಕಿ, ಕಾಲು ಕೊಟ್ಟು ಬಿಗಿದೆ. ಮೇಲೆ ಕೈಯಿಟ್ಟು ಹಿಡಿದುಕೊಂಡವನ ಹಾಗೆ ನಿಂತೆ. ಬೋಟ್ ಕೆಳಗಿಳಿಯುತ್ತದೆ, ಗೂಟ ಮೇಲೆಯೇ ಇರುತ್ತದೆ ಎಂಬ ಚಿಕ್ಕ ವಿಷಯ ಅನುಮಾನದ ಭರದಲ್ಲಿ ನನ್ನ ತಲೆಗೆ ಹೋಗಲಿಲ್ಲ. ಬೆಳಿಗ್ಗೆಯಷ್ಟೇ ಅದನ್ನು ಕಣ್ಣಾರೆ ನೋಡಿದ್ದೆ ಎಂಬುದನ್ನು ದಯವಿಟ್ಟು ಯಾರೂ ನೆನಪಿಸಬೇಡಿ.

ನೀರು ಇಳಿಯತೊಡಗಿತು. ಹಿಂದಿನ ಲಾಕ್‌ನಲ್ಲಿ ಪಕ್ಕದ ಗೋಡೆ ಎತ್ತರವಾಗುತ್ತಾ ಹೋಗಿತ್ತು. ಈಗ ಸ್ವಲ್ಪ ಎತ್ತರವಾಗಿ ನಿಂತುಬಿಟ್ಟಿತು. ನಾವು ಕದಲಲಿಲ್ಲ. ನೋಡಿ, ಗಟ್ಟಿ ಕಟ್ಟಿದರೆ ಹೀಗಿರುತ್ತದೆ ಎಂದು ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ. ಆಮೇಲೆ ಹಗ್ಗ ಕಿರ್ರೆಂದಿತು. ಹಗ್ಗವಿದ್ದ ಬದಿ ಗೋಡೆಗೆ ನೇತುಬಿದ್ದಿತು, ಇನ್ನೊಂದು ಬದಿ ನೀರಿನ ಜೊತೆ ಕೆಳಗೆ ಹೋಗತೊಡಗಿತು.

ಕೆಳಗಿನಿಂದ ವಸುಧಾಳ ದನಿ ಬಂತು. "ರೀ, ನೆಲ ಯಾಕೆ ಓರೆಯಾಗ್ತಿದೆ?"

"ಏನಿಲ್ಲ, ಇಲ್ಲಿ ಹೀಗೇ" ಎಂದೆ.

ಆ ಮಾತು ಮುಗಿಯುವಷ್ಟರಲ್ಲಿ ಸ್ಟೀಲ್ ಪಾತ್ರೆಯೊಂದು ದಡದಡ ಉರುಳಿತು. ಹಿಂದೆಯೇ ಇನ್ನೊಂದು. ರೊಟ್ಟಿಗಳು ಒಂದರ ಹಿಂದೊಂದು ಮುರಿಯುವ ಸದ್ದು. ಪ್ಲಾಸ್ಟಿಕ್ ಕುರ್ಚಿಯೊಂದು ನನ್ನ ಪಕ್ಕದಿಂದ ಜಾರಿ ನೀರಿಗೆ ಹೋಯಿತು. ನಾನು ಗಂಟು ಬಿಚ್ಚಲು ಕೈ ಹಾಕಿದೆ. ಎಷ್ಟು ಎಳೆದರೆ ಅಷ್ಟು ಬಿಗಿಯಾಗುವ ಗಂಟನ್ನು ಈಗ ಇಡೀ ಬೋಟೇ ಎಳೆಯುತ್ತಿತ್ತು. ಉಗುರು ಮುರಿಯಿತು, ಗಂಟು ಅಲ್ಲಾಡಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು. ಕೆಳಗೆ ವಸುಧಾ ಇದ್ದಾಳೆ, ಒಲೆಯ ಮೇಲೆ ಕುದಿಯುವ ಸಾರಿದೆ, ಇದನ್ನು ಮಾಡಿದವನು ನಾನು. ಬಾಯಿ ಬಿಟ್ಟು ಕೂಗಿದೆ, "ಗಂಟು ಬಿಚ್ಚೋಕಾಗ್ತಿಲ್ಲ!"

ಅದೇ ಕ್ಷಣದಲ್ಲಿ ಬೋಟಿನ ಹಿಂಭಾಗದಿಂದ ಇನ್ನೊಂದು ಗಂಟಲು ಕೂಗಿತು, "ಗಂಟು ಬಿಚ್ಚವಲ್ದೋ ಅಭಯಾ!"

ನಡುವೆ ಕ್ಯಾಬಿನ್ ಇದ್ದದ್ದರಿಂದ ನನಗೆ ಕಂಡಿರಲಿಲ್ಲ. ಗೌಡರೂ ಮಗನನ್ನು ಫೋಟೊ ತೆಗೆಯಲು ದಡಕ್ಕೆ ಕಳಿಸಿ, ಹಿಂದಿನ ಹಗ್ಗವನ್ನು ತಾವೇ ಹಿಡಿದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿಪಡಿಸಿಕೊಂಡು, ಕಟ್ಟಿಬಿಟ್ಟಿದ್ದರು.

ಆಮೇಲೆ ನಡೆದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮಕ್ಕಳಿಬ್ಬರೂ ದಡದ ಮೇಲಿದ್ದರು. ಒಬ್ಬರನ್ನೊಬ್ಬರು ಒಂದು ಸಲ ನೋಡಿದರು, ಅಷ್ಟೆ. ನಿಧಿ ಬಾಗಿಲಿನ ಕಡೆಗೆ ಓಡಿದಳು, ಅಭಯ ಬೋಟಿಗೆ ಹಾರಿದ. ನೀನು ಇದು ಮಾಡು, ನಾನು ಅದು ಮಾಡುತ್ತೇನೆ ಎಂಬ ಮಾತೇ ಇಲ್ಲ. ಲಾಕಿನ ಹೆಂಗಸು ಬೈಯುತ್ತಾ ಮುಂದಿನ ಕಿಂಡಿ ಮುಚ್ಚಿದಳು. ಹಿಂದಿನ ಬಾಗಿಲಿನ ಹಿಡಿಕೆಯನ್ನು ಅವಳೂ ನಿಧಿಯೂ ಸೇರಿ ತಿರುಗಿಸಿ ನೀರು ಒಳಕ್ಕೆ ಬಿಟ್ಟರು. ಅಷ್ಟರಲ್ಲಿ ಅಭಯ ಕೆಳಗಿಳಿದು ಒಲೆ ಆರಿಸಿ, ಮೊದಲು ವಸುಧಾಳನ್ನು, ಆಮೇಲೆ ತನ್ನ ಅಮ್ಮನನ್ನು ಕೈಹಿಡಿದು ಮೇಲಿನ ಬದಿಗೆ ತಂದು ಕೂರಿಸಿದ್ದ. ನೀರು ಏರಿತು, ಬೋಟ್ ನರಳುತ್ತಾ ನೆಟ್ಟಗಾಯಿತು. ಯಾರಿಗೂ ಏನೂ ಆಗಿರಲಿಲ್ಲ. ವಸುಧಾಳ ಸೀರೆಯ ತುಂಬ ಮಾತ್ರ ರೊಟ್ಟಿಯ ಪುಡಿ.

ಲಾಕಿನ ಹೆಂಗಸು ಬ್ರೆಡ್ ಕೊಯ್ಯುವ ಚಾಕು ತಂದು ಎರಡೂ ಗಂಟು ಕತ್ತರಿಸಿದಳು. ಮುಂದಿನ ಗಂಟು ನೋಡಿದಳು, ಹಿಂದಿನ ಗಂಟು ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು, ಮತ್ತು ಸುದೀರ್ಘವಾಗಿ ಏನೋ ಹೇಳಿದಳು. ನಿಧಿ ಕಾಲೇಜಿನಲ್ಲಿ ಫ್ರೆಂಚ್ ಓದಿದ್ದಳು. ಏನಂತೆ ಎಂದು ಕೇಳಿದೆ. ಅವಳು ಅನುವಾದ ಮಾಡಲು ನಿರಾಕರಿಸಿದಳು.

ಅಂದಿನ ಉಳಿದ ಲಾಕುಗಳಿಗೆ ನನ್ನನ್ನೂ ಗೌಡರನ್ನೂ ಎಲ್ಲ ಹುದ್ದೆಗಳಿಂದ ವಜಾ ಮಾಡಲಾಯಿತು. ಲೈಫ್ ಜಾಕೆಟ್ ತೊಡಿಸಿ, ಉಳಿದಿದ್ದ ಎರಡು ಕುರ್ಚಿ ಹಾಕಿ, ಮೇಲ್ಭಾಗದಲ್ಲಿ ಕ್ರೀಮ್ ಬಿಸ್ಕೆಟ್ ಕೊಟ್ಟು ಕೂರಿಸಿದರು. ಬೇರೆ ಕೆಲಸವಿಲ್ಲದೆ ಅಭಯನ ಕೈಯನ್ನೇ ನೋಡುತ್ತಾ ಕುಳಿತೆ. ಅವನು ಹಗ್ಗ ಬಿಡುತ್ತಿದ್ದ, ಸರಿ. ಆದರೆ ಒಂದು ಸಲವೂ ಕೈ ಬಿಡಲಿಲ್ಲ. ಬೋಟಿಗೆ ಎಷ್ಟು ಬೇಕೋ ಅಷ್ಟು ಬಿಟ್ಟು, ಮತ್ತೆ ಹಿಡಿದುಕೊಂಡು, ಮತ್ತೆ ಅಷ್ಟು ಬಿಡುತ್ತಿದ್ದ. ನನ್ನ ಏಕೈಕ ಸಾಕ್ಷ್ಯವೂ ಹೀಗೆ ನೀರುಪಾಲಾಯಿತು.

ಈ ಹುಡುಗನಲ್ಲಿ ದೋಷ ಸಿಗದಿದ್ದರೆ ನಿಧಿ ಹೊರಟುಹೋಗುತ್ತಾಳೆ. ನಾನು ಹುಡುಕುತ್ತಿದ್ದದ್ದು ದೋಷವನ್ನಲ್ಲ, ಅವಳನ್ನು ಉಳಿಸಿಕೊಳ್ಳಲು ಒಂದು ನೆಪವನ್ನು. ಅದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು, ಕಣ್ಣೂ ಒದ್ದೆಯಾಯಿತು. ಪಕ್ಕದಲ್ಲಿ ಗೌಡರು ಬಿಸ್ಕೆಟ್ ತಿನ್ನುವುದನ್ನು ನಿಲ್ಲಿಸಿದ್ದರು.

"ಹುಡುಗ ಮದುವಿ ಆದ್ಮ್ಯಾಲೆ ಚಿಕಾಗೋಕ್ಕ ಹೋಗಿಬಿಡ್ತಾನೇನೋ ಅಂತ ನನಗ ಅನುಮಾನ ಇತ್ರಿ" ಎಂದರು ಮೆಲ್ಲಗೆ.

ನಾನು ನನ್ನ ಬಿಸ್ಕೆಟನ್ನು ಅವರ ಕಡೆಗೆ ಸರಿಸಿದೆ.

ಸಾಯಂಕಾಲ ಒಂದು ಹಳ್ಳಿಯ ಪಕ್ಕ ಬೋಟ್ ನಿಲ್ಲಿಸಿದರು. ಎಲ್ಲರೂ ಅಳಿದುಳಿದ ರೊಟ್ಟಿಯ ಚೂರುಗಳನ್ನು ಚೆರ್ರಿ ಜಾಮಿನಲ್ಲಿ ಅದ್ದಿಕೊಂಡು ತಿನ್ನುತ್ತಿರುವಾಗ ನಾನು ಎದ್ದು ನಿಂತೆ. ಗಂಟಲು ಸರಿಪಡಿಸಿಕೊಂಡು, ದಿನವಿಡೀ ಕೂಲಂಕಷವಾಗಿ ಪರಿಶೀಲಿಸಲಾಗಿ ಹುಡುಗನಲ್ಲಿ ಯಾವುದೇ ನ್ಯೂನತೆ ಕಂಡುಬಂದಿಲ್ಲವೆಂದೂ, ಹೀಗಾಗಿ ಈ ಸಂಬಂಧಕ್ಕೆ ನನ್ನ ಪೂರ್ಣ ಸಮ್ಮತಿ ಇದೆಯೆಂದೂ ಘೋಷಿಸಿದೆ. ನಿಧಿ ಬಂದು ಬಿಗಿಯಾಗಿ ಅಪ್ಪಿಕೊಂಡಳು. ಅಭಯ ಕಾಲಿಗೆ ಬಿದ್ದ. ಗೌಡರು ಕೂತಲ್ಲಿಂದಲೇ ತಮ್ಮದೂ ಒಪ್ಪಿಗೆ ಎಂದು ತಲೆಯಾಡಿಸಿದರು. ಒಟ್ಟು ಸನ್ನಿವೇಶ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. ಇನ್ನು ಗಿರಿಜಾ ಏನಾದರೂ ಸಿಹಿ ಮಾತು ಆಡಿದರೆ ಮುಗಿಯಿತು ಎಂದು ಅವರ ಕಡೆ ನೋಡಿದೆ.

ಅವರು ತಟ್ಟೆ ಪಕ್ಕಕ್ಕಿಟ್ಟರು.

"ಅಣ್ಣಾರ, ನಿಮ್ಮ ಹುಡುಗಿ ಬಂಗಾರದಂಥಾಕಿ. ಅಕೀ ನಮ್ಮ ಮನಿಗೆ ಬಂದ್ರ ನಮ್ಮ ಪುಣ್ಯಾರಿ. ಅಕೀನ ವಿಷಯದಾಗ ನಮಗ ಎಳ್ಳಷ್ಟೂ ಅನುಮಾನ ಇಲ್ಲ." ಆಮೇಲೆ ಬಹಳ ಮೃದುವಾಗಿ ಹೇಳಿದರು, "ನಿಮ್ಮ ವಿಷಯದಾಗ ಮಾತ್ರ ನಾನಿನ್ನೂ ವಿಚಾರ ಮಾಡಾಕತ್ತೀನ್ರಿ."

"ನಿಮ್ಮವರೂ ಹಗ್ಗ ಕಟ್ಟಿದ್ದರಲ್ಲ!" ಎಂದೆ.

"ಅದಕ್ಕ ಅನ್ನಾಕತ್ತಿದ್ದು. ಇಂಥಾವರು ಮನ್ಯಾಗ ಒಬ್ಬರಿದ್ರ ಹೆಂಗೋ ನಡೀತೈತ್ರಿ. ಇಬ್ಬರಾದ್ರ ಬೋಟಿನ ಗತಿ ಏನಾತು ನೋಡಿದ್ರಲ್ಲ. ಈ ವಾರ ಮುಗಿಯೂತನಕ ಒಂದೀಟು ನೋಡ್ತೀನಿ."

ಸಹಾಯಕ್ಕೆಂದು ವಸುಧಾಳ ಕಡೆ ತಿರುಗಿದೆ. ಅವಳು ಸೀರೆಯಿಂದ ರೊಟ್ಟಿಯ ಪುಡಿ ಕೊಡವುತ್ತಾ, "ಅವರು ಹೇಳೋದ್ರಲ್ಲಿ ನ್ಯಾಯ ಇದೆ" ಎಂದಳು.

ವಾರ ಮುಗಿಯಿತು. ಮದುವೆ ಡಿಸೆಂಬರಿನಲ್ಲಿ ನಿಶ್ಚಯವಾಗಿದೆ. ಮಕ್ಕಳಿಬ್ಬರೂ ಎಲ್ಲಿರುತ್ತಾರೆಂಬುದನ್ನು ಅವರೇ ತೀರ್ಮಾನಿಸಿಕೊಳ್ಳುತ್ತಾರಂತೆ, ಹಾಲ್ ನೋಡುವುದು ಅಡುಗೆಯವರನ್ನು ಹಿಡಿಯುವುದು ಎಲ್ಲವನ್ನೂ ಗಿರಿಜಾ ಮತ್ತು ವಸುಧಾ ಫೋನಿನಲ್ಲೇ ಮುಗಿಸುತ್ತಿದ್ದಾರೆ. ಆದರೆ ಗಿರಿಜಾ ಅವರ ವಿಚಾರಣೆಯಲ್ಲಿ ನಾನು ಪಾಸಾದೆನೋ ಇಲ್ಲವೋ ಎಂದು ಈವರೆಗೆ ಯಾರೂ ಹೇಳಿಲ್ಲ. ಫೋನ್ ಮಾಡಿ ಕೇಳಿಬಿಡೋಣ ಎಂದು ಎಷ್ಟೋ ಸಲ ಅನಿಸಿದೆ. ಇವರು ಯಾಕೆ ಕೇಳುತ್ತಿದ್ದಾರೆ ಎಂದು ಅವರಿಗೆ ಅನುಮಾನ ಬಂದರೆ ಎಂದು ಸುಮ್ಮನಿದ್ದೇನೆ.